ಕವರ್ ಬಿಚ್ಚದ ಕುರ್ಚಿಗಳು

ವಿಜಯಪುರದಿಂದ ಟಿಕೋಟಾಕ್ಕೆ ಹೋಗುವ ರಸ್ತೆಯ ಬದಿಗೆ ಆ ಶಾಲೆ ಇತ್ತು. ಇಂಗ್ಲೆಂಡಿನ ಯಾವುದೋ ಊರಿನ ಹೆಸರು ಅದಕ್ಕೆ. ಆ ಊರು ಎಲ್ಲಿದೆ ಎಂದು ಶಾಲೆಯ ಮಾಲೀಕ ರೇವಪ್ಪನಿಗೂ ಗೊತ್ತಿರಲಿಲ್ಲ. ಹೆಸರಿನ ಮುಂದೆ ಇಂಟರ್‌ನ್ಯಾಷನಲ್ ಎಂದು ಬರೆಸಿದ್ದ, ಅಷ್ಟು ಸಾಕಾಗಿತ್ತು. ಮೊದಲು ಸಿಮೆಂಟು, ಕಬ್ಬಿಣ ಮಾರುತ್ತಿದ್ದ. ಈಗ ಇಂಗ್ಲಿಷು ಮಾರುತ್ತಿದ್ದ. ಗಿರಾಕಿ ಬಂದರೆ ಎದ್ದು ನಿಲ್ಲುವುದು, ಆಳು ಬಂದರೆ ತಲೆ ಎತ್ತದಿರುವುದು ಎರಡೂ ಹಳೆಯ ಅಂಗಡಿಯಿಂದಲೇ ಬಂದ ರೂಢಿ.

ಶಾಲೆಯಲ್ಲಿ ಈಜುಕೊಳ ಇತ್ತು. ಸುತ್ತಲಿನ ಹಳ್ಳಿಗಳು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವಾಗಲೂ ಅದು ತುಳುಕುತ್ತಿತ್ತು. ಒಂದು ಮುದಿ ಕುದುರೆ ಇತ್ತು, ಹುಡುಗರಿಗೆ ಸವಾರಿ ಕಲಿಸಲು. ಸಭಾಂಗಣದ ತುಂಬ ಹೊರದೇಶಗಳ ಬಾವುಟಗಳಿದ್ದವು. ಇಷ್ಟೆಲ್ಲ ಇದ್ದ ಶಾಲೆಯಲ್ಲಿ ಶಿಕ್ಷಕಿಯರಿಗೆ ಕೂರಲು ಕುರ್ಚಿ ಇರಲಿಲ್ಲ.

ಮೊದಲು ಇದ್ದವು. ಪ್ರಿನ್ಸಿಪಾಲ್ ಮೇಡಂ ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆದ ತರಬೇತಿಗೆ ಹೋಗಿ ಬಂದವಳೇ ತೆಗೆಸಿದಳು. ಕೂತು ಪಾಠ ಮಾಡುವವರು ಸೋಮಾರಿಗಳಂತೆ. ಆ ಜ್ಞಾನವನ್ನು ಅವಳು ಮೆತ್ತನೆಯ ಸೋಫಾದ ಮೇಲೆ ಕೂತು ಸಂಪಾದಿಸಿಕೊಂಡು ಬಂದಿದ್ದಳು. ಕ್ಲಾಸಿನ ಕುರ್ಚಿಗಳೆಲ್ಲ ಟೆಂಪೋ ಏರಿ ರೇವಪ್ಪನ ಕಲ್ಯಾಣ ಮಂಟಪ ಸೇರಿದವು. ಪ್ರಿನ್ಸಿಪಾಲಳ ಕೋಣೆಯ ಕುರ್ಚಿ ಮಾತ್ರ ಅಲ್ಲೇ ಇತ್ತು. ಅದು ಸುತ್ತಲೂ ತಿರುಗುತ್ತಿತ್ತು.

ಈ ಪ್ರಿನ್ಸಿಪಾಲ್ ಹುಟ್ಟಿ ಬೆಳೆದದ್ದು ವಿಜಯಪುರದ ಶಹಾಪುರ ಅಗಸಿಯ ಹತ್ತಿರ. ಮದುವೆಯಾಗಿ ಕೆಲವು ವರ್ಷ ಪುಣೆಯಲ್ಲಿ ಇದ್ದು ಬಂದ ಮೇಲೆ ಕನ್ನಡ ಮರೆತಿದ್ದಳು. ಆಯಾಗಳನ್ನು ಬೈಯುವಾಗ ಮಾತ್ರ ಪೂರ್ತಿ ನೆನಪಾಗುತ್ತಿತ್ತು.

ಒಂದನೇ ಕ್ಲಾಸಿನ ಶಿಕ್ಷಕಿ ಆಮ್ರಪಾಲಿ ಬೆಳಿಗ್ಗೆ ಪ್ರಾರ್ಥನೆಗೆ ನಿಂತರೆ ಮತ್ತೆ ಕೂರುತ್ತಿದ್ದದ್ದು ಸಂಜೆ ಬಸ್ಸಿನಲ್ಲಿ, ಅದೂ ಸೀಟು ಸಿಕ್ಕರೆ. ಮುಚ್ಚಿದ ಕಪ್ಪು ಶೂ ಕಡ್ಡಾಯ. ಮಧ್ಯಾಹ್ನದ ಹೊತ್ತಿಗೆ ಪಾದ ಉಬ್ಬಿ ಶೂ ಕಚ್ಚುತ್ತಿತ್ತು. ಮೀನಖಂಡದ ನರಗಳು ಹಗ್ಗದಂತೆ ಎದ್ದಿದ್ದವು. ಗೋಡೆಗೆ ಒರಗುವಂತಿಲ್ಲ. ಕ್ಲಾಸಿನ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಒರಗಿದರೆ ಎಲ್ಲ ಶಿಕ್ಷಕಿಯರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬೀಳುತ್ತಿತ್ತು. ಕೆಳಗೆ ಪ್ರಿನ್ಸಿಪಾಲಳ ಒಂದು ಸಾಲು: ಆಮಿ ಮಿಸ್, ಗೋಡೆ ತಾನೇ ನಿಂತುಕೊಳ್ಳುತ್ತದೆ, ನೀವು ಹಿಡಿಯಬೇಕಾಗಿಲ್ಲ. ಅದಕ್ಕೆ ನಗುವ ಚಿತ್ರ ಹಾಕುವ ಶಿಕ್ಷಕಿಯರೂ ಇದ್ದರು. ಅವರ ಕಾಲೂ ಉಬ್ಬಿರುತ್ತಿದ್ದವು. ಆದರೂ ಹಾಕುತ್ತಿದ್ದರು.

ಆಮಿ ಎಂದರೆ ಆಮ್ರಪಾಲಿಯೇ. ಅವಳ ಹೆಸರು ಉದ್ದವಾಯಿತು ಎಂದು ಪ್ರಿನ್ಸಿಪಾಲ್ ಮೊದಲ ದಿನವೇ ಕತ್ತರಿಸಿದ್ದಳು. ಬಬಲೇಶ್ವರದಿಂದ ಬರುತ್ತಿದ್ದ ಪಕ್ಕದ ಕ್ಲಾಸಿನ ಇರ್ಫಾನಾ, ಐರೀನ್ ಆಗಿದ್ದಳು. ಉದ್ದದ ಮಾತು ಬರಿ ನೆಪ. ಆಮ್ರಪಾಲಿ ಎಂದರೆ ಯಾವ ಓಣಿಯವಳು, ಇರ್ಫಾನಾ ಎಂದರೆ ಯಾರ ಮಗಳು ಎಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಲಕ್ಷಗಟ್ಟಲೆ ಕೊಟ್ಟು ಮಕ್ಕಳನ್ನು ಸೇರಿಸಿದ ತಂದೆತಾಯಿಗಳಿಗೆ ಅದು ಗೊತ್ತಾಗಬಾರದಿತ್ತು.

ಇನ್ನೊಂದು ಗೊತ್ತಾಗಬಾರದ ಸಂಗತಿ ಇತ್ತು. ಅದೇ ಶಾಲೆಯಲ್ಲಿ ಆಯಾ ಆಗಿದ್ದ ಚಂದ್ರಾಬಾಯಿ ಆಮ್ರಪಾಲಿಯ ಹೆತ್ತ ತಾಯಿ.

ಮೊದಲು ಕೆಲಸಕ್ಕೆ ಸೇರಿದವಳು ಚಂದ್ರಾಬಾಯಿಯೇ. ಮಕ್ಕಳನ್ನು ತೊಳೆಯುವುದು, ನೆಲ ಒರೆಸುವುದು, ನೀರಿನ ಕ್ಯಾನು ಹೊತ್ತು ಮೂರು ಮಾಳಿಗೆ ಹತ್ತುವುದು ಅವಳ ಕೆಲಸ. ಲಿಫ್ಟ್ ಇತ್ತು, ಆದರೆ ಆಯಾಗಳು ಹತ್ತಿದರೆ ವಾಸನೆ ಉಳಿಯುತ್ತದಂತೆ. ಮಗಳು ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಾಗ ಅವಳೇ ಪ್ರಿನ್ಸಿಪಾಲಳ ಬಾಗಿಲಲ್ಲಿ ಕೈಮುಗಿದು ನಿಂತು ಕೇಳಿದ್ದಳು. ಮಗಳ ಇಂಗ್ಲಿಷು ಕೇಳಿ ಪ್ರಿನ್ಸಿಪಾಲ್ ದಂಗಾದಳು. ತಗೊಳ್ಳುತ್ತೇನೆ, ಆದರೆ ಈ ಕಾಂಪೌಂಡಿನೊಳಗೆ ನೀವಿಬ್ಬರೂ ಒಬ್ಬರಿಗೊಬ್ಬರು ಏನೂ ಅಲ್ಲ ಎಂದಳು. ಮಕ್ಕಳ ಕುಂಡಿ ತೊಳೆಯುವವಳ ಮಗಳು ಪಾಠ ಹೇಳುತ್ತಾಳೆಂದು ತಿಳಿದರೆ ಪೇರೆಂಟ್ಸ್ ಏನಂದುಕೊಂಡಾರು ಎಂದು ಕೇಳಿದಳು. ಆಮ್ರಪಾಲಿ ಬಾಯಿ ತೆರೆಯುವ ಮೊದಲೇ ಚಂದ್ರಾಬಾಯಿ ಹೂಂ ಎಂದಿದ್ದಳು.

ಅಂದಿನಿಂದ ಟಿಕೋಟಾದಲ್ಲಿ ಒಂದೇ ಬಸ್ಸು ಹತ್ತಿ, ಒಂದೇ ರೊಟ್ಟಿಯ ಗಂಟು ಹಂಚಿಕೊಂಡು ಬರುವ ತಾಯಿ ಮಗಳು ಶಾಲೆಯ ಮುಂದೆ ಇಳಿದ ಕೂಡಲೇ ಅಪರಿಚಿತರಾಗುತ್ತಿದ್ದರು. ಮಗಳು ಮುಂದಿನ ಗೇಟಿಗೆ, ತಾಯಿ ಹಿಂದಿನ ಗೇಟಿಗೆ. ಒಳಗೆ ಎದುರಾದರೆ ಚಂದ್ರಾಬಾಯಿ ಗೋಡೆಗೆ ಸರಿದು ನಿಂತು, ನಮಸ್ಕಾರ್ರಿ ಮೇಡಂ ಎನ್ನುತ್ತಿದ್ದಳು. ಮೊದಮೊದಲು ಅವಳಿಗೆ ಅದು ಹೆಮ್ಮೆಯೇ ಆಗಿತ್ತು. ಆಮ್ರಪಾಲಿಗೆ ಪ್ರತಿಸಲವೂ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ಆದರೂ ತಲೆ ಆಡಿಸಿ ಮುಂದೆ ಹೋಗುತ್ತಿದ್ದಳು. ತನ್ನ ಮೇಲೆಯೇ ಅವಳಿಗೆ ಹೇಸಿಗೆ ಬಂದಿತ್ತು.

ಇದೆಲ್ಲ ಯಾರಿಗಾಗಿ ಎಂದರೆ ಅಪ್ಪ ರಾಯಪ್ಪನಿಗಾಗಿ. ಅವನು ಹರೆಯದಲ್ಲಿ ಊರ ಹೋಟೆಲಿನ ಬೆಂಚಿನ ಮೇಲೆ ಕೂತದ್ದಕ್ಕೆ ಒದೆ ತಿಂದವನು. ಕುದಿಯುವ ಚಹಾ ಬೆನ್ನ ಮೇಲೆ ಬಿದ್ದ ಕಲೆ ಇನ್ನೂ ಇತ್ತು. ಆಮೇಲೆ ಜೀವನವೆಲ್ಲ ಹೊನವಾಡದ ದ್ರಾಕ್ಷಿ ತೋಟಗಳಲ್ಲಿ, ಒಣದ್ರಾಕ್ಷಿ ಶೆಡ್ಡುಗಳಲ್ಲಿ ನಿಂತು ದುಡಿದ. ಮಗಳಿಗೆ ನೌಕರಿ ಸಿಕ್ಕ ದಿನ ಬುದ್ಧ ಮತ್ತು ಬಾಬಾಸಾಹೇಬರ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಓಣಿಗೆಲ್ಲ ಹೇಳಿ ಬಂದಿದ್ದ. "ನಮ್ಮ ಹುಡುಗಿ ಕುರ್ಚಿ ಮ್ಯಾಲ ಕುಂದರೂ ನೌಕರಿ ಹಿಡದಾಳ."

ಸಂಜೆ ಮನೆಗೆ ಬಂದರೆ ಅವನ ಮೊದಲ ಪ್ರಶ್ನೆ ಅದೇ. ಇವತ್ತು ಕೂತು ಪಾಠ ಮಾಡಿದೆಯಾ, ಕುರ್ಚಿಗೆ ಕೈ ಇದ್ದಾವಾ, ಬೆನ್ನಿಗೆ ಮೆತ್ತಗಿದೆಯಾ. ಆಮ್ರಪಾಲಿ ಹೂಂ ಎನ್ನುತ್ತಿದ್ದಳು. ಚಂದ್ರಾಬಾಯಿ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅವನು ಹೊರಗೆ ಹೋದ ಮೇಲೆ ತಾಯಿ ಮಗಳು ಒಂದೇ ತಗಡಿನ ಬುಟ್ಟಿಯಲ್ಲಿ ಬಿಸಿನೀರು ಹಾಕಿ, ಉಪ್ಪು ಕರಗಿಸಿ, ನಾಲ್ಕೂ ಪಾದ ಇಳಿಬಿಟ್ಟು ಕೂರುತ್ತಿದ್ದರು.

ಹೀಗಿರುವಾಗ ಪರದೇಶದ ಒಂದು ಸಂಸ್ಥೆಯವರು ಶಾಲೆ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅವರು ಒಪ್ಪಿದರೆ ಶಾಲೆಗೆ ಒಂದು ಮುದ್ರೆ ಸಿಗುತ್ತದೆ. ಮುದ್ರೆ ಸಿಕ್ಕರೆ ಫೀಸು ಏರಿಸಬಹುದು. ಅವರು ಕೇಳುವ ನೂರೆಂಟು ಸಂಗತಿಗಳಲ್ಲಿ ಶಿಕ್ಷಕರ ಅನುಕೂಲವೂ ಒಂದಾಗಿತ್ತು. ಕ್ಲಾಸಿನಲ್ಲಿ ಶಿಕ್ಷಕರಿಗೆ ಕುರ್ಚಿ ಇರಬೇಕು.

ಹಳೆಯ ಕುರ್ಚಿಗಳನ್ನು ಮಂಟಪದಿಂದ ತರಿಸಬಹುದಿತ್ತು. ಅವುಗಳ ಮೇಲೆ ಮದುವೆಯೂಟದ ಸಾರು ಬಿದ್ದು ಕಲೆಗಳಾಗಿದ್ದವು. ಹೊಸವನ್ನು ಕೊಳ್ಳಲು ರೇವಪ್ಪನಿಗೆ ಮನಸ್ಸು ಬರಲಿಲ್ಲ. ವ್ಯಾಪಾರಿ ತಲೆ, ಬೇರೆ ದಾರಿ ಹುಡುಕಿತು. ವಿಜಯಪುರದ ಫರ್ನಿಚರ್ ಅಂಗಡಿಯ ಸೈಫುದ್ದೀನನಿಗೆ ಫೋನು ಮಾಡಿ, ಹೊಸ ಕುರ್ಚಿ ಕಳಿಸು, ಮೆಚ್ಚಿಕೆಯಾದರೆ ಇಟ್ಟುಕೊಳ್ಳುತ್ತೇವೆ, ಇಲ್ಲದಿದ್ದರೆ ವಾಪಸ್ಸು ಎಂದ. ಸೈಫುದ್ದೀನ ಸಾಕಷ್ಟು ಗಿರಾಕಿಗಳನ್ನು ಕಂಡವನು. ಕುರ್ಚಿ ಇಳಿಸುವಾಗ ಒಂದೇ ಮಾತು ಹೇಳಿದ. "ಪ್ಲಾಸ್ಟಿಕ್ ಕವರ್ ಹರದಿದ್ರ ವಾಪಸ್ ತಗೊಳ್ಳಂಗಿಲ್ರಿ ಸಾಹೇಬ್ರ. ಅದು ನಿಮ್ಮದ ಆತು."

ಅಂದು ಸಂಜೆ ಶಿಕ್ಷಕಿಯರ ಸಭೆ ನಡೆಯಿತು. ಎಲ್ಲರೂ ನಿಂತಿದ್ದರು. ಪ್ರಿನ್ಸಿಪಾಲ್ ಕುರ್ಚಿಯಲ್ಲಿ ಅತ್ತಿತ್ತ ತಿರುಗುತ್ತ ಹೇಳಿದಳು. ಕ್ಲಾಸಿಗೊಂದು ಕುರ್ಚಿ ಇಡುತ್ತೇವೆ. ಯಾರೂ ಕೂರಬಾರದು. ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಡಬೇಕು, ಈಗಷ್ಟೇ ಎದ್ದು ನಿಂತ ಹಾಗೆ. ಕವರಿಗೆ ಉಗುರು ತಾಕಬಾರದು. ಕವರ್ ಯಾಕೆ ಬಿಚ್ಚಿಲ್ಲ ಎಂದು ಅವರು ಕೇಳಿದರೆ ಹೈಜೀನ್ ಎನ್ನಬೇಕು.

ಇರ್ಫಾನಾಳಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿನಲ್ಲಿ ಮುಚ್ಚಿಕೊಂಡಳು. ಗಂಡ ಶಾಹಿದ ಬೈಕಿನಿಂದ ಬಿದ್ದು ಹಾಸಿಗೆ ಹಿಡಿದಿದ್ದ, ಮನೆ ಅವಳ ಸಂಬಳದಿಂದಲೇ ನಡೆಯುತ್ತಿತ್ತು. ಅವಳಿಗೆ ನಗುವುದಕ್ಕೂ ಅನುಕೂಲ ಇರಲಿಲ್ಲ.

ಮರುದಿನ ಮುಂಜಾನೆ ಬಸ್ಸಿನಲ್ಲಿ ಆಮ್ರಪಾಲಿ ಈ ಕತೆಯನ್ನೆಲ್ಲ ತಾಯಿಗೆ ಹೇಳಿದಳು. ಒಂದು ಗಳಿಗೆಯಾದರೂ ಆ ಕುರ್ಚಿಯ ಮೇಲೆ ಕೂತೇ ಬಿಡುತ್ತೇನೆ, ಇವತ್ತು ಅಪ್ಪನ ಮುಂದೆ ಸುಳ್ಳು ಹೇಳುವುದು ತಪ್ಪುತ್ತದೆ ಎಂದಳು. ಚಂದ್ರಾಬಾಯಿ ಮಗಳ ಕೈ ಗಟ್ಟಿಯಾಗಿ ಹಿಡಿದಳು. ಹಂಗ ಮಾಡಬ್ಯಾಡ ಬೇ, ಈ ತಿಂಗಳು ಕಳೆದರೆ ನಿನ್ನನ್ನು ಕಾಯಂ ಮಾಡುತ್ತಾರೆ, ಇಷ್ಟು ದಿನ ನಿಂತೀ, ಇನ್ನೊಂದು ದಿನ ನಿಲ್ಲು ಎಂದು ಅಂಗಲಾಚಿದಳು. ಆಮ್ರಪಾಲಿ ಕಿಟಕಿಯ ಕಡೆ ತಿರುಗಿದಳು. ಶಾಲೆ ಬಂತು. ಇಬ್ಬರೂ ಇಳಿದು ಬೇರೆ ಬೇರೆ ಗೇಟಿಗೆ ನಡೆದರು.

ಬಂದವರು ಇಬ್ಬರು. ಒಬ್ಬ ಬಿಳಿಯ, ಉದ್ದನೆಯ ಮನುಷ್ಯ. ಬಿಸಿಲಿಗೆ ಕೆಂಪಾಗಿದ್ದ. ಇನ್ನೊಬ್ಬಳು ಮುಂಬೈಯವಳು, ಖಾದಿ ಸೀರೆ, ದೊಡ್ಡ ಕುಂಕುಮ. ರೇವಪ್ಪ ಆ ಬಿಳಿಯನ ಮುಂದೆ ಎಷ್ಟು ಬಾಗಿದನೆಂದರೆ ತಲೆಯ ಮೈಸೂರು ಪೇಟ ಜಾರಿತು, ಹಿಡಿದುಕೊಂಡ. ಅವರಿಗೆ ತೋರಿಸಲೆಂದು ಮಕ್ಕಳಿಗೆಲ್ಲ ಅವತ್ತು ಪರದೇಶದ ತಿಂಡಿ. ಬೆಳಿಗ್ಗೆಯೇ ಬೆಣ್ಣೆ ಸುರಿದ ಪಾಸ್ತಾ, ಕೇಕು, ಚಾಕಲೇಟು ತುರುಕಿದ್ದರು.

ತಂಡ ಒಂದನೇ ಕ್ಲಾಸಿಗೆ ಬಂತು. ಆಮ್ರಪಾಲಿ ಹೇಳಿಕೊಟ್ಟ ಹಾಗೆ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ನಿಂತಿದ್ದಳು. ಪ್ಲಾಸ್ಟಿಕ್ ಬೆವರಿಗೆ ಅಂಟುತ್ತಿತ್ತು. ಮುಂಬೈಯವಳು ಕುರ್ಚಿ ನೋಡಿ ತಲೆ ಆಡಿಸಿ ಕೈಯಲ್ಲಿದ್ದ ಟ್ಯಾಬಿನ ಮೇಲೆ ಏನೋ ಒತ್ತಿದಳು. ಕವರಿನ ಬಗ್ಗೆ ಅವಳು ಕೇಳಲಿಲ್ಲ. ಅವಳಿಗೆ ಬೇಕಾದದ್ದು ಕುರ್ಚಿ, ಅದರ ಮೇಲೆ ಮನುಷ್ಯರು ಕೂರುತ್ತಾರೋ ಇಲ್ಲವೋ ಎಂಬುದಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡಳು. ಪಾಸ್ತಾ, ಕೇಕು ಎಲ್ಲ ಕುರ್ಚಿಯ ಬುಡದಲ್ಲಿ ಬಿತ್ತು. ಬಿಳಿಯ ಹಿಂದೆ ಸರಿದ. ಪ್ರಿನ್ಸಿಪಾಲ್ ಗೋಡೆಯ ಗಂಟೆ ಒತ್ತಿದಳು. ಅದು ಆಯಾಗಳನ್ನು ಕರೆಯುವ ಗಂಟೆ.

ಚಂದ್ರಾಬಾಯಿ ಬಕೀಟು, ಬಟ್ಟೆ ಹಿಡಿದು ಓಡಿ ಬಂದಳು. ನೀರಿನ ಕ್ಯಾನು ಹೊತ್ತು ಈಗಷ್ಟೇ ಮಾಳಿಗೆ ಹತ್ತಿದ್ದಳು, ಏದುಸಿರು ಬಿಡುತ್ತಿದ್ದಳು. ಮಗಳನ್ನು ನೋಡಲಿಲ್ಲ. ಹುಡುಗಿಯ ಬಾಯಿ ಒರೆಸಿದಳು, ಬೆನ್ನು ಸವರಿದಳು, ಆಮೇಲೆ ಕುಕ್ಕರಗಾಲಲ್ಲಿ ಕೂತು ನೆಲ ಬಳಿದಳು. ದೊಡ್ಡವರೆಲ್ಲ ಮೂಗು ಮುಚ್ಚಿಕೊಂಡು ನಿಂತು ನೋಡಿದರು. ಬಳಿದಾದ ಮೇಲೆ ಏಳಲು ಹೋದಳು. ಮೊಣಕಾಲು ಹಿಡಿದುಕೊಂಡವು. ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ. ಕೈ ತಾನೇ ಹೋಗಿ ಕುರ್ಚಿಯ ಅಂಚನ್ನು ಹಿಡಿಯಿತು. ಹಸಿ ಕೈ. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಐದೂ ಬೆರಳು ಮೂಡಿದವು.

ಪ್ರಿನ್ಸಿಪಾಲ್ ಬಂದವರ ಕಡೆಗಿದ್ದ ನಗುವನ್ನು ಬದಲಿಸದೆಯೇ, ಹಲ್ಲಿನ ನಡುವೆ ಕನ್ನಡ ನೆನಪು ಮಾಡಿಕೊಂಡಳು. "ಕೈ ತಗೀಲೇ ಹೊಲಸ ಮುಂಡೆ. ನಿಮ್ಮಂಥವರು ಮುಟ್ಟೂ ಕುರ್ಚಿ ಏನ ಅದು?"

ಚಂದ್ರಾಬಾಯಿ ಸುಟ್ಟವಳಂತೆ ಕೈ ತೆಗೆದಳು. ಆಧಾರ ತಪ್ಪಿ ತಾನು ಒರೆಸಿದ ನೆಲದ ಮೇಲೆಯೇ ಕುಸಿದು ಕೂತಳು. ಅಲ್ಲಿಂದಲೇ ಸೆರಗಿನ ತುದಿ ಹಿಡಿದು ಕುರ್ಚಿಯ ಮೇಲಿನ ತನ್ನ ಬೆರಳಿನ ಗುರುತು ಒರೆಸತೊಡಗಿದಳು.

ಆಮ್ರಪಾಲಿ ನೋಡಿದ್ದು ಆ ಸೆರಗನ್ನು. ಬೈಗುಳ ಕೇಳಿ ಅವಳಿಗೆ ಸಿಟ್ಟು ಬರಲಿಲ್ಲ, ಬೈಗುಳ ಅವಳಿಗೆ ಹೊಸದಲ್ಲ. ಅವ್ವ ತನ್ನ ಗುರುತನ್ನು ತಾನೇ ಒರೆಸುವುದನ್ನು ನೋಡಿ ಬಂತು. ಅವಳು ಕವರಿನೊಳಗೆ ಉಗುರು ಹಾಕಿ ಎಳೆದಳು. ಪ್ಲಾಸ್ಟಿಕ್ ಪರ್ರನೆ ಹರಿಯಿತು. ಇನ್ನೊಮ್ಮೆ ಎಳೆದಳು. ಬೆನ್ನಿನಿಂದ ಕಾಲಿನವರೆಗೆ ಸುಲಿದು ಮೂಲೆಗೆ ಎಸೆದಳು.

"ಏಳವ್ವಾ. ಮ್ಯಾಲ ಕುಂದರು."

ಆ ಕಟ್ಟಡದಲ್ಲಿ ಅವಳು ಮೊದಲ ಸಲ ಅವ್ವಾ ಎಂದಿದ್ದಳು. ಚಂದ್ರಾಬಾಯಿಯ ಮುಖ ಬಿಳಿಚಿತು. "ಬ್ಯಾಡ್ರಿ ಮೇಡಂ. ನೌಕರಿ ಹೊಕ್ಕೈತ್ರಿ."

"ನಾ ಮೇಡಂ ಅಲ್ಲ. ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಕುಂದರು."

ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಕುರ್ಚಿಯಲ್ಲಿ ಕೂರಿಸಿದಳು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದವು. ವಾಂತಿ ಮಾಡಿಕೊಂಡ ಹುಡುಗಿ, ಆಯಾ ನಿಮ್ಮ ಮಮ್ಮಿನಾ ಎಂದು ಕೇಳಿದಳು. ಹೌದು ಎಂದಳು ಆಮ್ರಪಾಲಿ. ಹುಡುಗಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಮುಂಬೈಯವಳು ಏನು ನಡೆಯುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪ್ರಿನ್ಸಿಪಾಲಳ ಬುದ್ಧಿಯನ್ನು ಮೆಚ್ಚಬೇಕು, ಕ್ಷಣವೂ ತಡಮಾಡಲಿಲ್ಲ. ಇದು ನಮ್ಮ ಪಾಠದ ಭಾಗ ಎಂದಳು. ದುಡಿಯುವ ಕೈಗಳನ್ನು ಗೌರವಿಸಲು ಮಕ್ಕಳಿಗೆ ಹೀಗೆ ಕಲಿಸುತ್ತೇವೆ, ಇದೊಂದು ಚಿಕ್ಕ ನಾಟಕ, ಮಕ್ಕಳೇ ಚಪ್ಪಾಳೆ ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದವು. ಬಿಳಿಯನೂ ತಟ್ಟಿದ. ಮುಂಬೈಯವಳ ಕಣ್ಣಲ್ಲಿ ನೀರೇ ಬಂತು. ಚಂದ್ರಾಬಾಯಿಯ ಫೋಟೋ ತೆಗೆದಳು. ಬಾಗಿಲಲ್ಲಿ ರೇವಪ್ಪ ಪೇಟ ಹಿಡಿದುಕೊಂಡು ನಗುತ್ತಿದ್ದ, ಎಂಥ ಹೆಂಗಸಿಗೆ ಶಾಲೆ ವಹಿಸಿದೆ ಎಂಬ ಸಂತೋಷದಲ್ಲಿ. ಬೈದದ್ದನ್ನು ಇಷ್ಟು ಬೇಗ ಮುದ್ರೆ ಮಾಡಿಕೊಳ್ಳುವುದು ಸಿಮೆಂಟು ಮಾರಿದವನಿಗೂ ಬರುತ್ತಿರಲಿಲ್ಲ.

ಆಮ್ರಪಾಲಿ ಅವರು ಚಪ್ಪಾಳೆ ನಿಲ್ಲಿಸುವವರೆಗೆ ಕಾದಳು. ಆಮೇಲೆ ಇಂಗ್ಲಿಷಿನಲ್ಲಿ, ನಿಧಾನಕ್ಕೆ, ಒಂದನೇ ಕ್ಲಾಸಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ಇದು ನಾಟಕ ಅಲ್ಲ. ನಾನು ಆಮಿ ಅಲ್ಲ, ಆಮ್ರಪಾಲಿ. ಇವಳು ನನ್ನ ತಾಯಿ. ಇಲ್ಲಿ ಇವಳನ್ನು ತಾಯಿ ಎನ್ನಬಾರದೆಂದು ಇವರು ಹೇಳಿದ್ದರು, ಈಗ ಹೊಲಸು ಎಂದು ಬೈದರು. ಈ ಶಾಲೆಯಲ್ಲಿ ನಮಗೆ ಕುರ್ಚಿ ಇಲ್ಲ. ನೀವು ಹೋದ ಮೇಲೆ ಇವೆಲ್ಲ ಅಂಗಡಿಗೆ ವಾಪಸ್ಸು ಹೋಗುತ್ತವೆ, ಅದಕ್ಕೇ ಕವರ್ ಬಿಚ್ಚಿಲ್ಲ. ಈಗ ಬೇಕಾದರೆ ಇನ್ನೊಮ್ಮೆ ಚಪ್ಪಾಳೆ ತಟ್ಟಿರಿ.

ಯಾರೂ ತಟ್ಟಲಿಲ್ಲ. ಬಿಳಿಯ ತನ್ನ ಬೂಟು ನೋಡಿಕೊಂಡ. ಮುಂಬೈಯವಳು ಫೋಟೋ ತೆಗೆದ ಫೋನನ್ನು ಚೀಲಕ್ಕೆ ಹಾಕಿಕೊಂಡು, ಇದು ನಿಮ್ಮ ಒಳಗಿನ ವಿಷಯ ಎಂದು ಪ್ರಿನ್ಸಿಪಾಲಳಿಗೆ ಹೇಳಿ ಬಾಗಿಲ ಕಡೆ ತಿರುಗಿದಳು. ಅವಳ ಕಣ್ಣೀರು ಆಗಲೇ ಒಣಗಿತ್ತು.

ಪ್ರಿನ್ಸಿಪಾಲ್ ಈಗ ನಗುವುದನ್ನು ಬಿಟ್ಟಳು. ಮಗಳನ್ನು ಬಿಟ್ಟು ತಾಯಿಯ ಮೇಲೆ ಏರಿ ಹೋದಳು. ಎಲ್ಲಿ ಬೇಗ ಮುರಿಯುತ್ತದೆ ಎಂದು ಇಂಥವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಏಳು, ನೀನು ಈಗ ಎದ್ದರೆ ಮಗಳ ನೌಕರಿ ಉಳಿಸುತ್ತೇನೆ, ಕಾಯಂ ಮಾಡುತ್ತೇನೆ ಎಂದಳು.

ಚಂದ್ರಾಬಾಯಿ ಕುರ್ಚಿಯ ಎರಡೂ ಕೈ ಹಿಡಿದಿದ್ದಳು. ಜೀವನದಲ್ಲಿ ಯಾವ ದೊಡ್ಡವರಿಗೂ ಇಲ್ಲ ಎಂದವಳಲ್ಲ. ಮಗಳ ಮುಖ ನೋಡಿದಳು. ಮಗಳ ಕಾಲು ನೋಡಿದಳು. ಶೂವಿನ ಅಂಚಿನ ಮೇಲೆ ಉಬ್ಬಿದ ಮಾಂಸ ಕಾಣುತ್ತಿತ್ತು.

"ನನ್ನ ಮೊಣಕಾಲ ನೋಯಾಕತ್ತಾವ್ರಿ," ಎಂದಳು. "ನಾ ಏಳಂಗಿಲ್ಲ."

ಆಗ ಗೋಡೆಯಾಚೆ, ಇರ್ಫಾನಾಳ ಕ್ಲಾಸಿನಿಂದ, ಪ್ಲಾಸ್ಟಿಕ್ ಹರಿಯುವ ಸದ್ದು ಬಂತು. ಆಮೇಲೆ ಯಾರೋ ಭಾರವಾಗಿ ಕೂತ ಸದ್ದು. ಮಿಕ್ಕ ಕ್ಲಾಸುಗಳಿಂದ ಏನೂ ಕೇಳಲಿಲ್ಲ. ನಗುವ ಚಿತ್ರ ಹಾಕುತ್ತಿದ್ದವರು ಕವರಿನ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದರು. ಆದರೆ ಎರಡು ಕುರ್ಚಿ ಇನ್ನು ಅಂಗಡಿಗೆ ಹೋಗುವಂತಿರಲಿಲ್ಲ. ರೇವಪ್ಪ ಲೆಕ್ಕ ಹಾಕುತ್ತ ಕೆಳಗಿಳಿದು ಹೋದ. ಪ್ರಿನ್ಸಿಪಾಲ್ ಗಾರ್ಡುಗಳನ್ನು ಕರೆದಳು. ಗಾರ್ಡು ಮಲಂಗಸಾಬ ಬಂದ, ಚಂದ್ರಾಬಾಯಿಯನ್ನು ನೋಡಿದ, ಹೆಂಗಸರ ಮೈಗೆ ಕೈ ಹಚ್ಚುವ ಕೆಲಸ ತನ್ನದಲ್ಲ ಎಂದು ಬಾಗಿಲಲ್ಲೇ ನಿಂತ.

ಮಧ್ಯಾಹ್ನದ ಬಿಸಿಲಲ್ಲಿ ತಾಯಿ ಮಗಳು ಮುಂದಿನ ಗೇಟಿನಿಂದ ಹೊರಗೆ ಬಂದರು. ಆಮ್ರಪಾಲಿ ಕಪ್ಪು ಶೂ ಬಿಚ್ಚಿ ಗೇಟಿನ ಪಕ್ಕದಲ್ಲೇ ಬಿಟ್ಟು, ತಾಯಿಯ ಚೀಲದಲ್ಲಿದ್ದ ಹಳೆಯ ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಚಂದ್ರಾಬಾಯಿ ಒಮ್ಮೆ ಅತ್ತಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಗಂಟು ಬಿಚ್ಚಿ ಮಗಳ ಕೈಯಲ್ಲಿ ರೊಟ್ಟಿ ಇಟ್ಟಳು.

ಟಿಕೋಟಾದ ಮನೆಯ ಮುಂದೆ ಬೇವಿನ ಗಿಡದ ಬುಡದಲ್ಲಿ ರಾಯಪ್ಪ ನಿಂತಿದ್ದ. ಶೆಡ್ಡಿನಲ್ಲಿ ಅವತ್ತು ಕೆಲಸ ಇರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದವರನ್ನು ಕಂಡು ಅವನಿಗೆ ಅರ್ಧ ತಿಳಿಯಿತು. ಆಮ್ರಪಾಲಿ ಉಳಿದರ್ಧವನ್ನು ಹೇಳಿದಳು. ಅಲ್ಲಿ ಕುರ್ಚಿಯೇ ಇರಲಿಲ್ಲ, ದಿನಾ ನಿನ್ನ ಮುಂದೆ ಸುಳ್ಳು ಹೇಳುತ್ತಿದ್ದೆ, ಇವತ್ತು ಒಂದು ಬಂತು, ಅದರ ಮೇಲೆ ಅವ್ವನನ್ನು ಕೂರಿಸಿದೆ, ಇಬ್ಬರ ನೌಕರಿಯೂ ಹೋಯಿತು ಎಂದಳು.

ರಾಯಪ್ಪ ಮಗಳ ಪಾದ ನೋಡಿದ. ನೌಕರಿಯ ಬಗ್ಗೆ ಏನೂ ಕೇಳಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಎಷ್ಟೊತ್ತು ಕುಂತಿದ್ದಿ?"

ಚಂದ್ರಾಬಾಯಿ ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು.

"ನನಗ ಸಾಕನಸೂ ತನಕ."